ತಸ್ತೀಕ್ ಸೇವೆ: ಮೊತ್ತ ಏರಿದೆ, ಲೆಕ್ಕ ಕೂಡುತ್ತಿಲ್ಲ

ವರ್ಷಕ್ಕೆ ಐದು ಲಕ್ಷ ರೂಪಾಯಿಯೊಳಗೆ ಆದಾಯವಿರುವ ಮುಜರಾಯಿ ದೇವಸ್ಥಾನಗಳು 'ಸಿ' ವರ್ಗಕ್ಕೆ ಸೇರುತ್ತವೆ. ರಾಜ್ಯದಲ್ಲಿ ಇಂಥವು ಸುಮಾರು 34 ಸಾವಿರ. ಅಲ್ಲಿ ನಿತ್ಯಪೂಜೆ ನಿಲ್ಲಬಾರದೆಂದು ಸರ್ಕಾರ ಕೊಡುವ ವಾರ್ಷಿಕ ಹಣ, ಅಂದರೆ ತಸ್ತೀಕ್, 2022-23ರ ಬಜೆಟ್‌ನಲ್ಲಿ 48 ಸಾವಿರದಿಂದ 60 ಸಾವಿರಕ್ಕೆ, 2025-26ರಲ್ಲಿ 72 ಸಾವಿರಕ್ಕೆ ಏರಿತು. ಏರಿಸಿದ್ದು ಒಳ್ಳೆಯದೇ ಆಯಿತು. ಆದರೂ ಅರ್ಚಕರ ಬದುಕಿನ ಕಡೆಯಿಂದ ನೋಡಿದರೆ ಈ ಸೇವೆಗೆ ಐದಕ್ಕೆ ಎರಡೂವರೆಗಿಂತ ಹೆಚ್ಚು ಅಂಕ ಕೊಡಲಾಗದು.

ಕಾರಣ ಲೆಕ್ಕದಲ್ಲೇ ಇದೆ. 72 ಸಾವಿರ ಎಂದರೆ ತಿಂಗಳಿಗೆ 6,000. ದೇವರ ಖರ್ಚು, ಅರ್ಚಕರ ಹೊಟ್ಟೆಪಾಡು ಎರಡೂ ಇದರಲ್ಲೇ ಆಗಬೇಕು. ಚಿಕ್ಕ ಗುಡಿಯೊಂದರ ತಿಂಗಳ ಖರ್ಚು ಸುಮಾರಾಗಿ ಹೀಗೆ: ದಿನಕ್ಕೆ 100 ಮಿಲಿ ದೀಪದೆಣ್ಣೆಯಂತೆ ಮೂರು ಲೀಟರ್, 600 ರೂಪಾಯಿ, ಹೂವು, ತುಳಸಿ ದಿನಕ್ಕೆ 20ರಂತೆ 600, ನೈವೇದ್ಯಕ್ಕೆ ದಿನಕ್ಕೆ ಕಾಲು ಕಿಲೋ ಅಕ್ಕಿ, ಅಂದರೆ ಏಳೂವರೆ ಕಿಲೋ, 375, ಕರ್ಪೂರ, ಊದುಬತ್ತಿ, ಅರಿಶಿನ, ಕುಂಕುಮಕ್ಕೆ 300, ಸೋಮವಾರ, ಶುಕ್ರವಾರದ ಅಭಿಷೇಕದ ಹಾಲಿಗೆ 200. ಹತ್ತಿರಹತ್ತಿರ 2,100 ಇಲ್ಲೇ ಹೋಯಿತು. ಮಿಕ್ಕಿದ್ದನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಗೂಲಿ 130 ರೂಪಾಯಿ. ಅದೇ 2025-26ರಲ್ಲಿ ನರೇಗಾ ಕೂಲಿ 370. ಕಾರ್ತಿಕದ ದೀಪೋತ್ಸವ, ಧನುರ್ಮಾಸದ ಪೂಜೆಯ ಹೆಚ್ಚುವರಿ ಖರ್ಚು ಈ ಲೆಕ್ಕಕ್ಕೆ ಬಂದೇ ಇಲ್ಲ.

ತಟ್ಟೆಕಾಸು ಇದೆಯಲ್ಲ ಎನ್ನುವವರಿದ್ದಾರೆ. ಮಳೆ ಕೈಕೊಟ್ಟ ವರ್ಷ ಊರಿನವರ ಕೈಯಲ್ಲೇ ಕಾಸಿರುವುದಿಲ್ಲ. ತಟ್ಟೆಗೆ ಎಲ್ಲಿಂದ ಬೀಳಬೇಕು? 2020ರ ಲಾಕ್‌ಡೌನ್‌ನಲ್ಲಿ ಭಕ್ತರಿಗೆ ಬಾಗಿಲು ಮುಚ್ಚಿತ್ತು, ಪೂಜೆ ಮಾತ್ರ ನಡೆದೇ ಇತ್ತು. 2021ರ ಎರಡನೇ ಅಲೆಯಲ್ಲಿ ಅರ್ಚಕರಿಗೆ, ಇಮಾಮರಿಗೆ ಸರ್ಕಾರ ಒಂದು ಬಾರಿಗೆಂದು ಕೊಟ್ಟದ್ದು 3,000. ಅಂದಹಾಗೆ 2025-26ರ ಬಜೆಟ್ ಮಸೀದಿಯಲ್ಲಿ ನಮಾಜ್ ನಡೆಸುವ ಪೇಶ್ ಇಮಾಮರು, ಜೈನ ಅರ್ಚಕರು, ಗುರುದ್ವಾರದಲ್ಲಿ ಗ್ರಂಥ ಓದುವ ಸಿಖ್ಖರ ಮುಖ್ಯ ಗ್ರಂಥಿಗಳಿಗೂ ತಿಂಗಳಿಗೆ 6,000 ಗೌರವಧನ ಘೋಷಿಸಿತು. ಸಂಖ್ಯೆ ಒಂದೇ ಆದರೂ ಅದು ವ್ಯಕ್ತಿಗೆ ಕೊಡುವ ಗೌರವಧನ. ತಸ್ತೀಕ್‌ನಲ್ಲಿ ಎಣ್ಣೆ ಬತ್ತಿಯೂ ಸೇರಿದೆ.

ಹಣ ಕೈಸೇರುವ ದಾರಿಯಲ್ಲಿ ತೊಡಕುಗಳಿವೆ. ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ವರ್ಷಗಳಾದವು. ಕಡತದಲ್ಲಿ ಹಳೆಯ ಐಎಫ್‌ಎಸ್‌ಸಿ ಕೋಡ್ ಉಳಿದಿದ್ದರೆ ಹಣ ವಾಪಸು ಹೋಗುತ್ತದೆ. ಆಧಾರ್‌ನಲ್ಲಿ 'ಭಟ್ಟ', ಪಾಸ್‌ಬುಕ್‌ನಲ್ಲಿ 'ಭಟ್' ಎಂದಿದ್ದರೂ ತಕರಾರು ಏಳಬಹುದು. ಎಲ್ಲಕ್ಕಿಂತ ದೊಡ್ಡ ಗೋಜಲು ತಂದೆ ತೀರಿಕೊಂಡ ಮೇಲಿನದು: ಮಗ ಮರುದಿನದಿಂದಲೇ ಪೂಜೆಗೆ ನಿಲ್ಲುತ್ತಾನೆ, ದಾಖಲೆಯಲ್ಲಿ ಮಾತ್ರ ತಂದೆಯ ಹೆಸರೇ ಇರುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್, ಪಾಸ್‌ಬುಕ್ ಪ್ರತಿಗಳೊಂದಿಗೆ ತಾಲ್ಲೂಕು ಕಚೇರಿಯ ಮುಜರಾಯಿ ಶಾಖೆಗೆ ಕೂಡಲೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಅಣ್ಣತಮ್ಮಂದಿರು ಸರದಿಯಲ್ಲಿ ಪೂಜೆ ಮಾಡುವ ಕಡೆ, ಯಾರ ಖಾತೆಗೆ ಹಣ ಬರಬೇಕು, ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಎಲ್ಲರ ಸಹಿ ಹಾಕಿಸಿ ಬರೆದಿಡುವುದು ಕ್ಷೇಮ.

ಹೆಚ್ಚು ಬಂದರೂ ಅಪಾಯ. ಹಿರೇಮಗಳೂರಿನ ಕೋದಂಡರಾಮ ದೇಗುಲದ ಅರ್ಚಕರಿಗೆ 4.74 ಲಕ್ಷ ರೂಪಾಯಿ ಮರಳಿಸಿ ಎಂದು 2024ರಲ್ಲಿ ನೋಟಿಸ್ ಬಂದದ್ದು ದೊಡ್ಡ ಸುದ್ದಿಯಾಯಿತು. ಹತ್ತು ವರ್ಷ ಲೆಕ್ಕ ತಪ್ಪಿ ಕೊಟ್ಟದ್ದಕ್ಕೆ ಪಡೆದವರನ್ನು ಹೊಣೆ ಮಾಡುವುದು ನ್ಯಾಯವಲ್ಲ. ಪ್ರತಿ ಕಂತು ಬಂದಾಗಲೂ ಅದು ಯಾವ ಅವಧಿಯದು, ಎಷ್ಟು ಎಂಬುದನ್ನು ಕಚೇರಿಯಿಂದ ಲಿಖಿತವಾಗಿ ಕೇಳಿ ಪಡೆಯಿರಿ.

ಬೇರೆ ದಾರಿಯೂ ಇದೆ. ಸಿಎಸ್‌ಐ (ದಕ್ಷಿಣ ಭಾರತ ಕ್ರೈಸ್ತ ಸಭೆ) ಚರ್ಚುಗಳ ಸಭೆಗಳು ತಮ್ಮ ಪಾಲನ್ನು ಡಯಾಸಿಸ್‌ಗೆ, ಅಂದರೆ ಬಿಷಪ್ಪರ ಆಡಳಿತದ ಪ್ರಾಂತ್ಯಕ್ಕೆ, ಕಟ್ಟುತ್ತವೆ, ಸಭಾಪಾಲಕರಿಗೆ ಸಂಬಳ ಅಲ್ಲಿಂದ ಬರುತ್ತದೆ. ಬಡ ಹಳ್ಳಿಯ ಸಭೆಯ ಕಾಣಿಕೆ ಕುಸಿದರೆ ಪಾದ್ರಿಯ ಮನೆ ಅದೊಂದರ ಮೇಲೇ ನಿಂತಿರುವುದಿಲ್ಲ. ದೊಡ್ಡ ದೇಗುಲಗಳ ಆದಾಯದ ಪಾಲು ಸೇರುವ ಸಾಮಾನ್ಯ ಸಂಗ್ರಹಣಾ ನಿಧಿ ಮುಜರಾಯಿ ಇಲಾಖೆಯಲ್ಲೂ ಇದೆ. ಪೂಜಾ ಸಾಮಗ್ರಿಗೆ ತಿಂಗಳಿಗೆ 2,500 ಬೇರೆ ತೆಗೆದಿಟ್ಟು, ಅರ್ಚಕರ ಸಂಭಾವನೆಯನ್ನು ಕೃಷಿ ಕೂಲಿಯ ದರಕ್ಕೆ ಜೋಡಿಸಿ, ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಖಾತೆಗೆ ಹಾಕುವುದಾದರೆ ಇದೇ ಸೇವೆಗೆ ನಾಲ್ಕು ಅಂಕ ಕೊಡಬಹುದು.