ಇ20 ಪೆಟ್ರೋಲ್: ಗಾಡಿಗೆ ತೊಂದರೆ ಇಲ್ಲ, ಜೇಬಿಗೆ ಇದೆ

ಬಂಕಿನಲ್ಲಿ ಈಗ ಬೇರೆ ಪೆಟ್ರೋಲ್ ಸಿಗುವುದು ಕಷ್ಟ. ಆದರೂ ನೂರು ರೂಪಾಯಿ ಮೇಲೆ ಕೊಟ್ಟು ಹಾಕಿಸುತ್ತೇವಲ್ಲ, ಅದಕ್ಕೇ ಈ ರಿವ್ಯೂ.

ಇದು ಮೊದಲು ಬಿಡುಗಡೆಯಾಗಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ನೂರರಲ್ಲಿ 20 ಭಾಗ ಎಥನಾಲ್, ಅಂದರೆ ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಮಾಡಿದ ಆಲ್ಕೋಹಾಲ್. 2030ಕ್ಕೆ ಅಂತ ಇಟ್ಟುಕೊಂಡಿದ್ದ ಗುರಿಯನ್ನು 2025ಕ್ಕೇ ಮುಗಿಸಿದರು.

ನನ್ನದು ಇ20ಗೆ ಅಂತ ಮಾಡಿದ ಕಾರಲ್ಲ, ಹಳೇದು. ಸ್ಟಾರ್ಟಿಂಗ್, ಪಿಕಪ್ ಎಲ್ಲ ಚೆನ್ನಾಗೇ ಇದೆ, ನಾಕಿಂಗ್ (ಎಂಜಿನ್ ಒಳಗಿನ ಕಟಕಟ ಸದ್ದು) ಇಲ್ಲ. ಎಥನಾಲ್‌ನಿಂದ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣ, ಜಾಸ್ತಿ ಆಗುತ್ತದೆ, ಆ ಮಾತು ಸುಳ್ಳಲ್ಲ. ಆದರೆ ಮೈಲೇಜ್ ಇಳಿದಿದೆ. ಇಳಿಯದೆ ಇನ್ನೇನು, ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ನನ್ನದರಂಥ ಕಾರುಗಳಿಗೆ ಶೇ 6-7ರಷ್ಟು ಹೊಡೆತ ಬೀಳುತ್ತದೆ ಅಂತ ಕೇಂದ್ರ ಸರ್ಕಾರದ ನೀತಿ ಆಯೋಗವೇ 2021ರ ವರದಿಯಲ್ಲಿ ಬರೆದಿತ್ತು.

ಈಗ ಲೆಕ್ಕ ಹಾಕಿ. ಲೀಟರ್‌ಗೆ 15 ಕಿಲೋಮೀಟರ್ ಕೊಡುವ ಕಾರು, ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಾಟ, ಶೇ 6 ನಷ್ಟ. ನಾಲ್ಕೂಕಾಲು ಲೀಟರ್ ಜಾಸ್ತಿ ಬೇಕು, ಅಂದರೆ ಹೆಚ್ಚೂಕಮ್ಮಿ 430 ರೂಪಾಯಿ. ಅದರಿಂದ ಪರಿಸರಕ್ಕೆ ಎಷ್ಟು ಲಾಭ? ಹಾಕಿಸುವ 71 ಲೀಟರ್‌ನಲ್ಲಿ 14 ಲೀಟರ್ ಎಥನಾಲೇ ಆದ್ದರಿಂದ ಸುಮಾರು ಹತ್ತು ಲೀಟರ್ ಪೆಟ್ರೋಲ್ ಉಳಿಯುತ್ತದೆ, ಆದರೆ ಕಬ್ಬು ಬೆಳೆದು ಎಥನಾಲ್ ತೆಗೆಯುವುದಕ್ಕೂ ಇಂಗಾಲ ಹೊರಬೀಳುತ್ತದಲ್ಲ, ಹಾಗಾಗಿ ಕಬ್ಬಿನದಾದರೆ ಶೇ 65, ಮೆಕ್ಕೆಜೋಳದ್ದಾದರೆ ಶೇ 50ರಷ್ಟು ಮಾತ್ರ ನಿಜವಾದ ಉಳಿತಾಯ ಅಂತ ಸರ್ಕಾರದ್ದೇ ಅಂದಾಜು. ಕಬ್ಬಿನದ್ದು ಅಂತಲೇ ಹಿಡಿದರೂ ತಿಂಗಳಿಗೆ ತಡೆಯುವುದು ಸುಮಾರು 15 ಕೆಜಿ ಇಂಗಾಲದ ಡೈಆಕ್ಸೈಡ್, ಅಂದರೆ ಒಂದು ಕೆಜಿಗೆ ನಾನು ಕೊಡುವುದು 30 ರೂಪಾಯಿ ಹತ್ತಿರ. ದುಬಾರಿ ಅಲ್ವಾ? ಅದರಲ್ಲೂ ಒಂದಷ್ಟು ತೆರಿಗೆಯಾಗಿ ಸರ್ಕಾರಕ್ಕೇ ಹೋಗುತ್ತದೆ, ಅದು ಬೇರೆ ಮಾತು.

ನನ್ನ ತಕರಾರು ಇಲ್ಲೇ. ಶಕ್ತಿ ಕಡಿಮೆ ಇರುವುದರಿಂದ ಇದನ್ನು ಕಡಿಮೆ ಬೆಲೆಗೆ ಮಾರಬೇಕು ಅಂತ ನೀತಿ ಆಯೋಗದ ಅದೇ ವರದಿ ಹೇಳಿತ್ತು. 2025ರಲ್ಲಿ ಜನ ಕೇಳಿದಾಗ ಪೆಟ್ರೋಲಿಯಂ ಸಚಿವಾಲಯ, ಎಥನಾಲ್ ಖರೀದಿ ದರವೇ ಸರಾಸರಿ 71.32 ರೂಪಾಯಿಗೆ ಏರಿದೆ, ಪೆಟ್ರೋಲ್‌ಗಿಂತ ದುಬಾರಿ ಅಂದುಬಿಟ್ಟಿತು. ಸರಿ, ಹಾಗಾದರೆ ತೆರಿಗೆಯಲ್ಲಿ ಇಳಿಸಿ. ರಾಜ್ಯವೂ ಸಾಚಾ ಅಲ್ಲ, 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 29.84ಕ್ಕೆ ಏರಿಸಿತು.

ರೈತರಿಗೆ ಹೋಗುತ್ತದೆ ಬಿಡಿ ಅಂತ ಸಮಾಧಾನ ಮಾಡಿಕೊಳ್ಳೋಣ ಅಂದರೆ, 2025ರ ನವೆಂಬರ್‌ನಲ್ಲಿ ಬೆಳಗಾವಿ ಕಡೆಯ ಕಬ್ಬು ಬೆಳೆಗಾರರು ಟನ್‌ಗೆ 3,500 ರೂಪಾಯಿ ಕೊಡಿ ಅಂತ ರಸ್ತೆಗೆ ಇಳಿದಿದ್ದರು.

ಎಥನಾಲ್ ಇಲ್ಲದ್ದೇ ಬೇಕು ಅನ್ನುವವರಿಗೆ ಕೆಲವು ಬಂಕುಗಳಲ್ಲಿ 100 ಆಕ್ಟೇನ್ ಪೆಟ್ರೋಲ್ ಇದೆ. ಮೈಲೇಜ್ ಉಳಿಸಲು ಅಂತ ಅದನ್ನು ಹಾಕಿಸಬೇಡಿ, ಅದರ ರೇಟಿಗೆ ಯಾವ ಲೆಕ್ಕವೂ ಹೊಂದುವುದಿಲ್ಲ. ತಿಂಗಳುಗಟ್ಟಲೆ ನಿಲ್ಲಿಸುವ ಹಳೇ ಗಾಡಿ ಇದ್ದರೆ ಮಾತ್ರ ಯೋಚಿಸಿ, ಯಾಕೆಂದರೆ ಎಥನಾಲ್ ನೀರು ಹೀರುತ್ತದೆ. ಪೆಟ್ರೋಲ್‌ಗೆ ಮೂರೂವರೆ ಸ್ಟಾರ್, ರೇಟಿಗೆ ಒಂದು.