ಕರಾವಳಿಯ ಮನೆಗೆ ಕಾಟೊ ಹಳಿ: ಎಚ್‌ಒ ಯೂನಿಟ್ರ್ಯಾಕ್ ಕುರಿತು

ಜಪಾನಿನ ಕಾಟೊ ಕಂಪನಿಯ ಎಚ್‌ಒ ಯೂನಿಟ್ರ್ಯಾಕ್ ಎಂಬುದು ಮನೆಯೊಳಗೆ ಎಚ್‌ಒ ಎಂಬ, ನಿಜದ 87ರಲ್ಲಿ ಒಂದು ಪಾಲಿನ ಅಳತೆಯ ಮಾದರಿ ರೈಲು ಮಾರ್ಗ ಕಟ್ಟುವವರಿಗಾಗಿ ಸಿದ್ಧವಾಗಿ ಬರುವ ಹಳಿ. ನಿಕ್ಕಲ್ ಸಿಲ್ವರ್ ಮಿಶ್ರಲೋಹದ ಹಳಿ, ಅದನ್ನು ಹಿಡಿದಿರುವ ಸ್ಲೀಪರುಗಳು, ಅವುಗಳ ಕೆಳಗಿನ ಜಲ್ಲಿಯ ದಿಬ್ಬ ಇವೆಲ್ಲ ಸೇರಿ ಒಂದೇ ಗಟ್ಟಿ ತುಂಡಾಗಿರುತ್ತವೆ. ತುಂಡಿನ ತುದಿಯಲ್ಲಿರುವ ಯೂನಿಜಾಯ್ನರ್ ಎಂಬ ಕೊಂಡಿಯನ್ನು ಎದುರು ತುಂಡಿನ ಕೊಂಡಿಗೆ ಒತ್ತಿದರೆ ಟಕ್ಕೆಂದು ಕೂರುತ್ತದೆ. ಮೊಳೆಯೂ ಬೇಡ, ಬೆಸುಗೆಯೂ ಬೇಡ. ಉಡುಪಿಯ ಇಂದ್ರಾಳಿ ನಿಲ್ದಾಣವನ್ನೂ ಅಲ್ಲಿಂದ ಬಾರ್ಕೂರಿನ ಕಡೆಗೆ ಸಾಗುವ ಮಾರ್ಗವನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಒಂದು ಮಾದರಿಗೆ ನಾನು ಇದನ್ನೇ ಬಳಸಿದ್ದೇನೆ. ನೋಟದಲ್ಲಿ ಇದು ಕೊಂಕಣ ರೈಲ್ವೆಯ ಹಳಿಗೆ ಹತ್ತಿರವಿಲ್ಲ. ಆದರೂ ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನಮ್ಮ ಕಡೆಯ ಮನೆಗಳಿಗೆ ಇದಕ್ಕಿಂತ ಒಗ್ಗುವ ಹಳಿ ಸಿಗುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಮಳೆಗಾಲದ ಮಾತನ್ನೇ ಮೊದಲು ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಮನೆಗಳಲ್ಲಿ ಪ್ಲೈವುಡ್ ತೇವ ಹೀರಿ ಉಬ್ಬುತ್ತದೆ, ಮಳೆ ಬಿಟ್ಟ ಮೇಲೆ ಒಣಗಿ ಕುಗ್ಗುತ್ತದೆ. ಬೇಕಾದ ಹಾಗೆ ಬಗ್ಗಿಸಿ ಹಾಕುವ, ಸುಮಾರು 91 ಸೆಂ.ಮೀ. ಉದ್ದದ ಫ್ಲೆಕ್ಸ್ ಹಳಿಯನ್ನು ಹಲಗೆಗೆ ಅಂಟಿಸಿ, ಜಲ್ಲಿ ಸುರಿದು, ನೀರು ಬೆರೆಸಿದ ಅಂಟು ಹನಿಸಿ ಗಟ್ಟಿ ಮಾಡಿದ ಮಾದರಿಯಲ್ಲಿ ಹಲಗೆಯ ಈ ಚಲನೆಯೆಲ್ಲ ನೇರವಾಗಿ ಹಳಿಗೆ ತಲಪಿ, ಒಂದು ಕಡೆ ಜೋಡಣೆ ಬಿರಿಯುತ್ತದೆ, ಇನ್ನೊಂದು ಕಡೆ ಹಳಿ ಸೊಟ್ಟಗಾಗುತ್ತದೆ. ಸೆಕೆಗೆ ಹಳಿ ಹಿಗ್ಗಿತು ಎಂದು ಹಲವರು ಹೇಳುವುದುಂಟು, ಆದರೆ 3 ಮೀಟರ್ ಉದ್ದದ ನಿಕ್ಕಲ್ ಸಿಲ್ವರ್ ಹಳಿ ಉಷ್ಣತೆ 15 ಡಿಗ್ರಿ ಏರಿದರೂ 1 ಮಿ.ಮೀ.ನಷ್ಟೂ ಬೆಳೆಯುವುದಿಲ್ಲ, ದೋಷವೆಲ್ಲ ಮರದ್ದು. ಯೂನಿಟ್ರ್ಯಾಕ್‌ನಲ್ಲಿ ಜಲ್ಲಿಯ ದಿಬ್ಬವೇ ಹಳಿಗೆ ಆಧಾರವಾದ್ದರಿಂದ ಹಲಗೆಗೆ ಅಲ್ಲಲ್ಲಿ ಒಂದೊಂದು ಸ್ಕ್ರೂ ಹಾಕಿದರೆ ಸಾಕು. ಮೇ ಕೊನೆಗೆ ಇಡೀ ಮಾರ್ಗವನ್ನು ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಳವಿರುವ ಡಬ್ಬಿಗಳಲ್ಲಿ ತುಂಬಿಟ್ಟು, ದೀಪಾವಳಿಯ ಹೊತ್ತಿಗೆ ಮತ್ತೆ ಹಾಸಬಹುದು. ಹಂಚಿನ ಮನೆಯಲ್ಲಿ ಪಕ್ಕಾಸಿನಿಂದ ಉದುರುವ ಧೂಳು, ಹಲ್ಲಿಯ ಹಿಕ್ಕೆ, ಒರಲೆ ಇವುಗಳ ಪರಿಚಯವಿರುವವರಿಗೆ ಈ ಸೌಕರ್ಯದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಹಲಗೆಗೆ ಮಾತ್ರ ಐಎಸ್ 710 ಗುರುತಿನ ಮೆರೈನ್ ಪ್ಲೈಯನ್ನೇ ತೆಗೆದುಕೊಂಡು, ಎರಡೂ ಮೈಗೂ ಕೊಯ್ದ ಅಂಚುಗಳಿಗೂ ಬಣ್ಣ ಬಳಿಯಬೇಕು. ಮೇಲ್ಮೈಗೆ ಮಾತ್ರ ಬಳಿದರೆ ತೇವ ಅಡಿಯಿಂದ ಏರಿ ಹಲಗೆ ಬಟ್ಟಲಿನಂತೆ ಬಾಗುತ್ತದೆ.

ಇನ್ನು ನೋಟದ ವಿಚಾರ. ಎಚ್‌ಒ ಎಂದರೆ 1:87ರ ಅಳತೆ, ಎರಡು ಹಳಿಗಳ ನಡುವೆ 16.5 ಮಿ.ಮೀ. ಇದು 1435 ಮಿ.ಮೀ.ನ ಸ್ಟ್ಯಾಂಡರ್ಡ್ ಗೇಜಿಗೆ ಸರಿಹೊಂದುವ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಇರುವುದರಿಂದ ಅದೇ ಅಳತೆಯಲ್ಲಿ ಹಳಿಗಳ ಅಂತರ 19.26 ಮಿ.ಮೀ. ಆಗಬೇಕಿತ್ತು. ಅಂದರೆ ಎಚ್‌ಒ ಹಳಿಯ ಮೇಲೆ ನಿಂತ ಭಾರತದ ಯಾವುದೇ ಬೋಗಿಯ ಗಾಲಿಗಳು ಎರಡೂ ಬದಿ ಸೇರಿ ಸುಮಾರು 2.8 ಮಿ.ಮೀ.ನಷ್ಟು ಒಳಗೆ ಸರಿದಿರುತ್ತವೆ. ಪಕ್ಕದಿಂದ ನೋಡಿದರೆ ಇದು ಗೊತ್ತಾಗುವುದಿಲ್ಲ, ಎದುರಿನಿಂದ ನೋಡಿದರೆ ಕಣ್ಣಿಗೆ ಹೊಡೆಯುತ್ತದೆ. ಇದು ಕಾಟೊದ ತಪ್ಪಲ್ಲ. ಎಲ್ಲ ಎಚ್‌ಒ ಹಳಿಗಳಿಗೂ ಇದೇ ಮಿತಿ. ಅಳತೆಯಲ್ಲಿ ರಾಜಿಯೇ ಬೇಡ ಎನ್ನುವವರು 1979ರಿಂದ 1996ರವರೆಗೆ ಓಡಿದ ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗವನ್ನು ಆರಿಸಿಕೊಳ್ಳಬಹುದು. 1:87ರಲ್ಲಿ ಮೀಟರ್‌ಗೇಜ್ 11.5 ಮಿ.ಮೀ. ಆಗುತ್ತದೆ, 12 ಮಿ.ಮೀ.ನ ಹಳಿ ಮಾರುಕಟ್ಟೆಯಲ್ಲಿದೆ, ಅರ್ಧ ಮಿ.ಮೀ.ನ ವ್ಯತ್ಯಾಸವನ್ನು ಯಾರೂ ಗುರುತಿಸಲಾರರು. ಆದರೆ ಅದು ಬೇರೆಯೇ ಹಳಿ, ಬೇರೆಯೇ ಗಾಡಿಗಳು, ಹೆಚ್ಚಿನವನ್ನು ಸ್ವತಃ ಕಟ್ಟಿಕೊಳ್ಳಬೇಕಾದ ದಾರಿ.

ತಿರುವುಗಳ ವಿಚಾರಕ್ಕೆ ಬಂದಾಗ ಯೂನಿಟ್ರ್ಯಾಕ್ ಕೊಳ್ಳುವವರು ಕಾಗದದ ಮೇಲೆ ಸ್ವಲ್ಪ ಲೆಕ್ಕ ಹಾಕಲೇಬೇಕು, ಏಕೆಂದರೆ ಇಲ್ಲಿ ಕಂಪನಿ ಕೊಟ್ಟ ತ್ರಿಜ್ಯಗಳಷ್ಟೇ ನಮ್ಮ ಪಾಲಿಗೆ. ಕೊಂಕಣ ರೈಲ್ವೆಯಲ್ಲಿ ಅತಿ ಬಿಗಿಯಾದ ತಿರುವಿನ ತ್ರಿಜ್ಯ 1250 ಮೀಟರ್; 1:87ರಲ್ಲಿ ಅದು 14 ಮೀಟರಿಗೂ ಹೆಚ್ಚಾಗುತ್ತದೆ. ಅಷ್ಟು ದೊಡ್ಡ ಕೋಣೆ ಯಾರ ಮನೆಯಲ್ಲೂ ಇರಲಾರದು. ಎಂಟಕ್ಕೆ ನಾಲ್ಕು ಅಡಿಯ ಪ್ಲೈ ಹಾಳೆಯ ಅಗಲ 1.22 ಮೀಟರ್ ಆದ್ದರಿಂದ ಅದರ ಮೇಲೆ 550 ಮಿ.ಮೀ. ತ್ರಿಜ್ಯದ ವೃತ್ತ ಎರಡೂ ಬದಿಗೆ ಆರಾರು ಸೆಂ.ಮೀ. ಬಿಟ್ಟು ಕೂರುತ್ತದೆ. 22.5 ಡಿಗ್ರಿಯ 16 ತುಂಡುಗಳಿಗೆ ಒಂದು ಸುತ್ತು ಪೂರ್ಣವಾಗುತ್ತದೆ. ಸಮಸ್ಯೆ ಇರುವುದು ಬೋಗಿಗಳ ಉದ್ದದಲ್ಲಿ. ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಹಳೆಯ ವಿನ್ಯಾಸದ ಐಸಿಎಫ್ ಬೋಗಿಯ ಮೈ ಎಚ್‌ಒ ಅಳತೆಯಲ್ಲಿ 245 ಮಿ.ಮೀ., ಜರ್ಮನ್ ವಿನ್ಯಾಸದ ಈಗಿನ ಎಲ್‌ಎಚ್‌ಬಿ ಬೋಗಿಯದು 270 ಮಿ.ಮೀ.ಗಿಂತ ತುಸು ಹೆಚ್ಚು. ಎಲ್‌ಎಚ್‌ಬಿ ಬೋಗಿ 550ರ ತಿರುವಿನಲ್ಲಿ ನಿಂತರೆ ಅದರ ನಡು ಒಳಗಡೆಗೆ ಸುಮಾರು 6.7 ಮಿ.ಮೀ., ತುದಿಗಳು ಹೊರಗಡೆಗೆ ಸುಮಾರು 10 ಮಿ.ಮೀ. ಚಾಚುತ್ತವೆ. ನಿಜವಾದ ಪ್ಲಾಟ್‌ಫಾರ್ಮ್‌ನ ಅಂಚು ಹಳಿಯ ನಡುವಿನಿಂದ 1670 ಮಿ.ಮೀ. ದೂರದಲ್ಲಿರುತ್ತದೆ, ಮಾದರಿಯಲ್ಲಿ ಅದು 19.2 ಮಿ.ಮೀ.; ಈ ಅಳತೆಗೆ ಕಟ್ಟಿದ ಪ್ಲಾಟ್‌ಫಾರ್ಮನ್ನು ತಿರುವಿನವರೆಗೆ ಚಾಚಿದರೆ ಬೋಗಿ ಅದನ್ನು ಉಜ್ಜಿಕೊಂಡೇ ಹೋಗುತ್ತದೆ. ಓಡಿಸುವುದಕ್ಕೆ 550 ಸಾಕು. ಕಣ್ಣಿಗೆ ಆಟಿಕೆಯಂತೆ ಕಾಣಬಾರದು ಎಂದಾದರೆ ಬೋಗಿಯ ಉದ್ದದ ಮೂರು ಪಟ್ಟು ತ್ರಿಜ್ಯ ಬೇಕೆಂಬುದು ಈ ಹವ್ಯಾಸದಲ್ಲಿ ರೂಢಿಯಲ್ಲಿರುವ ಲೆಕ್ಕ, ಅದಕ್ಕೆ ಹತ್ತಿರವಾದ ಕಾಟೊ ತುಂಡೆಂದರೆ 790 ಮಿ.ಮೀ.ನದ್ದು. ಹಾಗಾಗಿ ಸಣ್ಣ ಕೋಣೆಯವರು ನೀಲಿ ಬಣ್ಣದ ಐಸಿಎಫ್ ಗಾಡಿಗಳ ಕಾಲವನ್ನೇ ಆರಿಸಿಕೊಳ್ಳುವುದು ಜಾಣತನ. ತಿರುವಿನ ಮುಂದೆ ಮುರಕಲ್ಲಿನ ಕಣಿವೆಯ ಗೋಡೆಯೊಂದನ್ನು ನಿಲ್ಲಿಸಿದರೆ ಅರ್ಧ ಕುಂದು ಮರೆಯಾಗುತ್ತದೆ, ಮತ್ತು ಉಡುಪಿಯ ಆಸುಪಾಸಿನಲ್ಲಿ ಅಂಥ ಗೋಡೆಗಳಿಗೆ ಬರವೂ ಇಲ್ಲ.

ಉದ್ದದ ಮಾತೂ ಸ್ವಲ್ಪ ಇದೆ. ಒಂದೇ ಹಾಳೆಯ ಮೇಲೆ ಎರಡು ತುದಿಯ ತಿರುವುಗಳು ಹೋಗಿ ಉಳಿಯುವ ನೇರ ಭಾಗ 1.22 ಮೀಟರ್, ಅದರಲ್ಲಿ ನಾಲ್ಕು ಬೋಗಿ ನಿಂತರೆ ಎಂಜಿನ್ನಿಗೆ ಜಾಗವಿರುವುದಿಲ್ಲ. ಎರಡು ಹಾಳೆಗಳನ್ನು ಉದ್ದಕ್ಕೆ ಜೋಡಿಸಿದರೆ ಡಬ್ಲ್ಯುಎಪಿ-7 ಎಂಜಿನ್ ಹಾಗೂ ಆರು ಎಲ್‌ಎಚ್‌ಬಿ ಬೋಗಿಗಳ, ಅಂದರೆ ಸುಮಾರು 1.9 ಮೀಟರ್ ಉದ್ದದ ಗಾಡಿ ಲೂಪ್ ಎಂಬ ಪಕ್ಕದ ಹಳಿಯಲ್ಲಿ ನಿಂತು ಎದುರು ಗಾಡಿಗೆ ದಾರಿ ಬಿಡಬಲ್ಲದು. ಒಂಟಿ ಹಳಿಯ ಮಾರ್ಗದಲ್ಲಿ ಈ ಕ್ರಾಸಿಂಗ್ ನೋಡುವುದೇ ಸೊಗಸು.

ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟುಗಳಲ್ಲಿ 6ನೇ ಸಂಖ್ಯೆಯದನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ, 4ನೇ ಸಂಖ್ಯೆಯದನ್ನು ಯಾರ್ಡಿನ ಮೂಲೆಗಷ್ಟೇ. ನಮ್ಮ ಮುಖ್ಯ ಮಾರ್ಗಗಳಲ್ಲಿ ಪ್ರಯಾಣಿಕ ಗಾಡಿಗಳು ದಾಟುವುದು ಸಾಮಾನ್ಯವಾಗಿ 12ರಲ್ಲಿ 1ರ, ಅಂದರೆ 12 ಅಡಿ ಸಾಗುವಾಗ 1 ಅಡಿ ಪಕ್ಕಕ್ಕೆ ಸರಿಯುವ ಪಾಯಿಂಟುಗಳ ಮೇಲೆ. 6ನೇ ಸಂಖ್ಯೆಯದು ಅದಕ್ಕಿಂತ ಎರಡು ಪಟ್ಟು ಕಡಿದು, ಆದರೂ ಉದ್ದನೆಯ ಬೋಗಿಗಳನ್ನು ತಡವರಿಸದೆ ದಾಟಿಸುತ್ತದೆ. ಪಾಯಿಂಟನ್ನು ತಿರುಗಿಸುವ ಕಾಯಿಲ್ ಜಲ್ಲಿಯ ದಿಬ್ಬದೊಳಗೇ ಅಡಗಿರುವುದರಿಂದ ಹಲಗೆಯ ಅಡಿಯಲ್ಲಿ ಯಂತ್ರ ಕೂರಿಸುವ ಕೆಲಸವಿಲ್ಲ, ಹಲಗೆಯನ್ನು ಬಿಚ್ಚಿ ಗೋಡೆಗೆ ಒರಗಿಸಿಡುವವರಿಗೆ ಇದು ದೊಡ್ಡ ಅನುಕೂಲ. ಈ ಕಾಯಿಲಿಗೆ ಎರಡೇ ತಂತಿ, ವಿದ್ಯುತ್ತಿನ ದಿಕ್ಕು ಬದಲಾದಂತೆ ಪಾಯಿಂಟ್ ಬದಲಾಗುತ್ತದೆ. ಬ್ರಿಟನ್ನಿನ ಹಳಿ ತಯಾರಕರಾದ ಪೆಕೊ ಮೊದಲಾದವರ ಎರಡು ಸುರುಳಿಯ ಕಾಯಿಲಿಗೆ ಮೂರು ತಂತಿ ಬೇಕಾಗುವುದರಿಂದ ಒಂದರ ಸ್ವಿಚ್ಚು ಇನ್ನೊಂದಕ್ಕೆ ಹಾಗೆಯೇ ನಡೆಯದು ಎಂಬುದನ್ನು ಕೊಳ್ಳುವ ಮೊದಲೇ ಗಮನಿಸಬೇಕು.

ಸ್ಲೀಪರುಗಳು ಮರದವುಗಳಂತೆ ಕಂದು, ಜಲ್ಲಿ ಒಂದೇ ತೆರನ ಬೂದು. ಕಾಂಕ್ರೀಟ್ ಸ್ಲೀಪರಿನ ಕೊಂಕಣ ಮಾರ್ಗಕ್ಕೆ ಇವೆರಡೂ ಹೊಂದುವುದಿಲ್ಲ. ನಿಜವಾದ ಜಲ್ಲಿ ಸುರಿದು ಅಂಟಿಸಿದರೆ ನೋಟ ಸುಧಾರಿಸುತ್ತದೆ, ಆದರೆ ಬಿಚ್ಚುವ ಗುಣವೇ ಹೋಗಿಬಿಡುತ್ತದೆ, ಆಮೇಲೆ ಅಷ್ಟು ಹಣ ಕೊಟ್ಟು ಯೂನಿಟ್ರ್ಯಾಕ್ ತಂದದ್ದಕ್ಕೆ ಅರ್ಥವಿಲ್ಲ. ಆದ್ದರಿಂದ ಜಲ್ಲಿಯ ಆಸೆ ಬಿಟ್ಟು ಬಣ್ಣದ ಮೊರೆ ಹೋಗುವುದು ಮೇಲು. ಸ್ಲೀಪರುಗಳಿಗೆ ತೆಳು ಬೂದು, ಹಳಿಯ ಪಕ್ಕಗಳಿಗೆ ತುಕ್ಕಿನ ಕಂದು, ದಿಬ್ಬಕ್ಕೆ ನೀರಾಗಿಸಿದ ಕಡುಗಂದು ಅಕ್ರಿಲಿಕ್ ಬಳಿದು, ಹಳಿಯ ಮೇಲ್ಮೈಯನ್ನು ಹಸಿಯಿರುವಾಗಲೇ ಒರೆಸಿಬಿಟ್ಟರೆ, ಬ್ರೇಕಿನ ಧೂಳೂ ಕೆಮ್ಮಣ್ಣೂ ಕುಡಿದ ನಮ್ಮೂರ ಹಳಿಗೆ ಅದು ಸಾಕಷ್ಟು ಹತ್ತಿರ ಬರುತ್ತದೆ. ನಿಲ್ದಾಣದ ಎದುರಿನ ಭಾಗ ಮಾತ್ರ ಹತ್ತಿರದಿಂದ ಕಣ್ಣಿಗೆ ಬೀಳುವ ಜಾಗ. ಯೂನಿಟ್ರ್ಯಾಕ್‌ನ ಹಳಿ ಕೋಡ್ 83ರದು, ಅಂದರೆ ಹಳಿಯ ಎತ್ತರ 0.083 ಇಂಚು. ಪೆಕೊ ಕಂಪನಿಯ ಕೋಡ್ 83 ಫ್ಲೆಕ್ಸ್ ಹಳಿಯ ಅಡಿಗೆ ಕಾರ್ಕ್ ಹಾಸಿ ಎತ್ತರ ಸರಿಮಾಡಿ ಅಲ್ಲಿ ಸೇರಿಸಿಕೊಳ್ಳುವವರನ್ನು ನಾನು ತಡೆಯುವುದಿಲ್ಲ.

ದಿಬ್ಬದ ಹೊರಗಿನ ನೆಲಕ್ಕೆ ಮುರಕಲ್ಲಿನ ಪುಡಿಗಿಂತ ಒಳ್ಳೆಯ ಸಾಮಗ್ರಿ ಯಾವ ವಿದೇಶಿ ಪೊಟ್ಟಣದಲ್ಲೂ ಇಲ್ಲ. ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು ತೇವ ತೆಗೆದ ಮೇಲೆ ಆ ಪುಡಿಯೊಳಗೆ ಬಲವಾದ ಅಯಸ್ಕಾಂತವನ್ನು ಹಲವು ಸಲ ಆಡಿಸಬೇಕು. ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ಹೇರಳ, ಅಯಸ್ಕಾಂತಕ್ಕೆ ಅಂಟುವ ಕಣಗಳು ಎಂಜಿನ್ನಿನ ಮೋಟಾರಿನೊಳಗೆ ಸೇರಿದರೆ ಅದರ ಆಯುಸ್ಸು ಮುಗಿದಂತೆ. ಮಲ್ಪೆಯ ಮರಳು ತಂದರೆ ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆಯುವ ಕೆಲಸ ಬೇರೆ. ಅಡಿಕೆ ಮರಕ್ಕೆ ಹಿಡಿಸೂಡಿಯ ಕಡ್ಡಿಯೇ ಸಾಕು. 17 ಮೀಟರ್ ಎತ್ತರದ ಅಡಿಕೆ ಮರ ಎಚ್‌ಒದಲ್ಲಿ 195 ಮಿ.ಮೀ. ಆಗುತ್ತದೆ, ಕಾಂಡದ ದಪ್ಪ 2 ಮಿ.ಮೀ.ಗೂ ಕಡಿಮೆ.

ಯೂನಿಟ್ರ್ಯಾಕ್‌ನ ಮೇಲೆ ಗಾಡಿ ಹಳಿ ತಪ್ಪಿದರೆ ಹೆಚ್ಚಿನ ಸಲ ತಪ್ಪು ಗಾಡಿಯದ್ದೇ ಆಗಿರುತ್ತದೆ. ನಮ್ಮ ದೇಶದಲ್ಲೇ ತ್ರೀಡಿ ಪ್ರಿಂಟ್ ಮಾಡಿ ಮಾರುವ ಬೋಗಿಗಳು ಹೊರನೋಟಕ್ಕೆ ಚೆನ್ನಾಗಿದ್ದರೂ ತೀರ ಹಗುರ. ಒಬ್ಬ ತಯಾರಕರಿಂದ ನಾನು ತರಿಸಿದ ಐಸಿಎಫ್ ಬೋಗಿಗಳು ಗಾಡಿಯ ನಡುವೆ ಸೇರಿಸಿದಾಗ ತಿರುವಿನಲ್ಲಿ ಒಳಗಡೆಗೆ ಮಗುಚುತ್ತಿದ್ದವು. ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಎಚ್‌ಒ ಗಾಡಿಗೆ ಸೂಚಿಸುವ ತೂಕ 1 ಔನ್ಸ್, ಅದರ ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ಈ ಪ್ರಕಾರ ಐಸಿಎಫ್ ಬೋಗಿ ಸುಮಾರು 165 ಗ್ರಾಂ, ಎಲ್‌ಎಚ್‌ಬಿ ಸುಮಾರು 180 ಗ್ರಾಂ ತೂಗಬೇಕು. ತೂಕಕ್ಕೆ ಬೇಕಾದ ಸೀಸವನ್ನು ಬಲೆ ಮಾರುವ ಅಂಗಡಿಯಲ್ಲಿ ಕೇಳಿ ತಂದು ಬೋಗಿಯ ನೆಲಕ್ಕೆ ಎಪಾಕ್ಸಿಯಿಂದ ಅಂಟಿಸಬೇಕು. ಬಿಳಿ ಅಂಟು ಹಾಕಿದರೆ ಸೀಸ ಕಾಲಕ್ರಮೇಣ ಉಬ್ಬಿ ಬೋಗಿಯ ಮೈಯನ್ನೇ ಸೀಳುತ್ತದೆ. ಪ್ಲಾಸ್ಟಿಕ್ ಗಾಲಿಗಳಿದ್ದರೆ ತೆಗೆದು 10.5 ಮಿ.ಮೀ. ವ್ಯಾಸದ ಲೋಹದ ಗಾಲಿ ಹಾಕಬೇಕು. ಬೋಗಿಯ ನಿಜವಾದ ಗಾಲಿ 915 ಮಿ.ಮೀ. ಆಗಿರುವುದರಿಂದ ಅಳತೆಯೂ ಸರಿಯಾಗುತ್ತದೆ, ಹಳಿಯ ಮೇಲೆ ಕೊಳೆ ಮೆತ್ತುವುದೂ ಕಡಿಮೆಯಾಗುತ್ತದೆ.

ಉಪ್ಪುಗಾಳಿಗೆ ನಿಕ್ಕಲ್ ಸಿಲ್ವರ್ ಹಳಿ ಹಿತ್ತಾಳೆಯ ಹಳಿಯಷ್ಟು ಬೇಗ ಮಂಕಾಗುವುದಿಲ್ಲ, ಆದರೂ ಓಡಿಸುವ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒಮ್ಮೆ ಒರೆಸುವುದು ರೂಢಿಯಾಗಬೇಕು. ಉಪ್ಪುಕಾಗದ ಸರ್ವಥಾ ಕೂಡದು. ಅದು ಮಾಡಿದ ಗೀರುಗಳಲ್ಲೇ ಮುಂದಿನ ಕೊಳೆ ಕೂರುತ್ತದೆ. ಜೋಡಣೆಗಳು ಹೆಚ್ಚಿರುವ ಹಳಿಯಾದ್ದರಿಂದ ಎರಡು ಮೀಟರಿಗೊಮ್ಮೆಯಾದರೂ ತಂತಿ ಇರುವ ಟರ್ಮಿನಲ್ ಯೂನಿಜಾಯ್ನರ್ ಹಾಕಿ ವಿದ್ಯುತ್ ಕೊಡಬೇಕು. ಇಲ್ಲವಾದರೆ ದೂರದ ತುದಿಯಲ್ಲಿ ಎಂಜಿನ್ ಸೊರಗುತ್ತದೆ.

ಬೆಲೆಯೇ ಇದರ ದೊಡ್ಡ ಅಡ್ಡಿ. ಮಾದರಿ ರೈಲುಗಳೂ ಅವುಗಳ ಹಳಿಗಳೂ ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಗುಂಪಿಗೇ ಸೇರುತ್ತವೆ. ಆ ಗುಂಪಿನ ಮೂಲ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಹಾಗಾಗಿ ಮಂಗಳೂರು, ಉಡುಪಿಯ ಆಟಿಕೆ ಅಂಗಡಿಗಳಲ್ಲಿ ಇದನ್ನು ಹುಡುಕಿ ಫಲವಿಲ್ಲ, ತರಿಸಿಕೊಳ್ಳಬೇಕು ಅಥವಾ ವಿದೇಶದಿಂದ ಊರಿಗೆ ಬರುವ ನೆಂಟರಿಗೆ ಹೇಳಬೇಕು. ತರಿಸುವವರು ಪೆಟ್ಟಿಗೆಯಲ್ಲಿ ಬರುವ ಸಿದ್ಧ ಸೆಟ್ಟಿನ ಬದಲು ಬಿಡಿ ತುಂಡುಗಳನ್ನೇ ಲೆಕ್ಕ ಹಾಕಿ ತರಿಸುವುದು ಲಾಭ: ತಿರುವಿಗೆ ನಾಲ್ಕು ತುಂಡುಗಳ ಪೊಟ್ಟಣ ನಾಲ್ಕು, ಲೂಪಿಗೆ 6ನೇ ಸಂಖ್ಯೆಯ ಎಡ ಮತ್ತು ಬಲ ಪಾಯಿಂಟು ಒಂದೊಂದು, ಉಳಿದದ್ದಕ್ಕೆ 246 ಮಿ.ಮೀ.ನ ನೇರ ತುಂಡುಗಳು. ಯೂನಿಜಾಯ್ನರ್‌ಗಳು ಬಿಡಿಯಾಗಿಯೂ ಸಿಗುತ್ತವೆ. ಪ್ರತಿ ಮಳೆಗಾಲಕ್ಕೂ ಬಿಚ್ಚಿ ಜೋಡಿಸುವವರಲ್ಲಿ ಅವು ಸಡಿಲವಾಗುವುದು ಸಹಜವಾದ್ದರಿಂದ ಮೊದಲ ಆರ್ಡರಿನಲ್ಲೇ ಒಂದು ಪೊಟ್ಟಣ ಸೇರಿಸಿಬಿಡಬೇಕು; ಅದೊಂದಕ್ಕಾಗಿ ಮತ್ತೆ ಸಾಗಣೆ ವೆಚ್ಚ ಕೊಡುವುದು ಕೈಗೆ ಭಾರ.