ಲಿನಕ್ಸ್ ಇನ್‌ಸ್ಟಾಲ್‌ಗೆ ಯಾವ ರೇಡ್: ಬಯಾಸ್‌ನದೋ, ಎಂಡಿಎಡಿಎಂನದೋ?

ರೇಡ್ ಎಂದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ಜೋಡಣೆ. ಅದೇ ಡಿಸ್ಕ್‌ಗಳಲ್ಲಿ ವಿಂಡೋಸ್ ಕೂಡ ಬೇಕಿದ್ದರೆ ಮಾತ್ರ ಬಯಾಸ್ ರೇಡ್, ಅಂದರೆ ಮದರ್‌ಬೋರ್ಡ್ ಸೆಟ್ಟಿಂಗ್‌ನಲ್ಲಿ ಮಾಡುವ ರೇಡ್. ಆ ಮೋಡ್‌ನಲ್ಲಿ ಎಷ್ಟೋ ಸಲ ಇನ್‌ಸ್ಟಾಲರ್‌ಗೆ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಡಿಸ್ಕೇ ಕಾಣುವುದಿಲ್ಲ; ಎಎಚ್‌ಸಿಐಗೆ (ರೇಡ್ ಇಲ್ಲದ ಸಾಮಾನ್ಯ ಮೋಡ್) ಬದಲಿಸಿದರೆ ಕಾಣುತ್ತದೆ, ಆದರೆ ಇದ್ದ ವಿಂಡೋಸ್ ಬೂಟ್ ಆಗದೆ ಹೋಗಬಹುದು.

ಲಿನಕ್ಸ್ ಒಂದೇ ಸಾಕೆಂದರೆ ಎಂಡಿಎಡಿಎಂ, ಅಂದರೆ ಲಿನಕ್ಸ್‌ನದೇ ಸಾಫ್ಟ್‌ವೇರ್ ರೇಡ್ ಸಾಧನ. ಡಿಸ್ಕ್‌ಗಳನ್ನು ಬೇರೆ ಯಂತ್ರಕ್ಕೆ ಹಾಕಿದರೂ ರೇಡ್ ಜೋಡಣೆಯಾಗುತ್ತದೆ. ತೊಡಕಿರುವುದು ಬೂಟ್ ಫೈಲ್‌ಗಳಿರುವ ಇಎಫ್‌ಐ ಪಾರ್ಟಿಷನ್‌ನಲ್ಲಿ. ರೇಡ್‌ನ ವಿವರವಿರುವ ಮೆಟಾಡೇಟಾದ 1.2 ಆವೃತ್ತಿ ಪಾರ್ಟಿಷನ್ನಿನ ಶುರುವಿನಲ್ಲೇ, 4 ಕಿಲೋಬೈಟ್ ಆದಮೇಲೆ, ಕೂರುವುದರಿಂದ ಫರ್ಮ್‌ವೇರ್‌ಗೆ (ಯಂತ್ರ ಬೂಟ್ ಮಾಡುವ ಮದರ್‌ಬೋರ್ಡ್ ತಂತ್ರಾಂಶ) ಅಲ್ಲಿ ಫ್ಯಾಟ್ ಫೈಲ್‌ಸಿಸ್ಟಂ ಸಿಗುವುದಿಲ್ಲ. 1.0 ಆದರೆ ಕೊನೆಯಲ್ಲಿರುತ್ತದೆ, ಬೂಟ್ ಆಗುತ್ತದೆ. ಆದರೆ ಫರ್ಮ್‌ವೇರ್ ತಾನೇ ಏನಾದರೂ ಬರೆದರೆ ಎರಡು ಡಿಸ್ಕ್‌ಗಳ ಪ್ರತಿಗಳು ಬೇರೆಬೇರೆಯಾಗುತ್ತವೆ. ಅದರ ಬದಲು ರೇಡ್ 1ರ (ಒಂದೇ ಡೇಟಾ ಎರಡು ಡಿಸ್ಕ್‌ನಲ್ಲಿರುವ ರೇಡ್) ಎರಡೂ ಡಿಸ್ಕ್‌ನಲ್ಲಿ 512 ಎಂಬಿಯ ಪ್ರತ್ಯೇಕ ಇಎಫ್‌ಐ ಇಟ್ಟು, ಎರಡಕ್ಕೂ ಗ್ರಬ್ ಬೂಟ್‌ಲೋಡರ್ ಹಾಕುವುದೇ ವಾಸಿ.

ಹಳೆಯ ಬಯಾಸ್ ರೇಡ್‌ನ ಗುರುತು ಉಳಿದಿದ್ದರೆ ಇನ್‌ಸ್ಟಾಲರ್ ತಪ್ಪು ತಿಳಿಯುತ್ತದೆ. ಬ್ಯಾಕಪ್ ತೆಗೆದು, ವೈಪ್‌ಎಫ್‌ಎಸ್ ಕಮಾಂಡ್‌ನಿಂದ ಆ ಗುರುತನ್ನು ಮೊದಲು ಅಳಿಸಿ.